ಮೊದಲ ಕುರ್ಚಿಯ ನಗು

ಆ ಶುಕ್ರವಾರ ಬೆಳಿಗ್ಗೆ ಟ್ರೆವರನ ಹೊಟ್ಟೆಗೆ ಮೊದಲು ಬಿದ್ದದ್ದು ಪೈ ಅಲ್ಲ, ಕಿಚ್ಚು.

ಹಿಟ್ಟಿನೊಳಗೆ ಮಾಂಸ ತುಂಬಿ ಬೇಯಿಸಿದ ಪೈ ಮಾರುವ ಮಾಸ್‌ಬ್ರೂಕಿನ ಮೊರೀನಳ ಅಂಗಡಿಯ ಮುಂದೆ ಸಾಲು ಬೀದಿಯ ತಿರುವು ದಾಟಿತ್ತು. ವಿಟ್ ಶುಕ್ರವಾರದ ಬ್ಯಾಂಡ್ ಹಬ್ಬವೆಂದರೆ ಹಾಗೇ. ಸಂಜೆ ಬೆಟ್ಟದ ಸುತ್ತಲಿನ ಬ್ಯಾಂಡುಗಳೆಲ್ಲ ತಮ್ಮ ತಮ್ಮ ಹಿತ್ತಾಳೆ ವಾದ್ಯಗಳನ್ನು ಬಸ್ಸಿಗೆ ತುಂಬಿಕೊಂಡು ಊರೂರು ಸುತ್ತುತ್ತವೆ, ಒಂದೊಂದು ಊರಿನಲ್ಲೂ ಒಂದೊಂದು ಮಾರ್ಚ್ ನುಡಿಸಿ ಸ್ಪರ್ಧಿಸುತ್ತವೆ. ಹೊಟ್ಟೆ ಖಾಲಿ ಇಟ್ಟುಕೊಂಡು ಊದಲಾದೀತೇ? ಟ್ರೆವರನೂ ಸಾಲಿನಲ್ಲಿ ನಿಂತ. ಮುಂದೆ ನಿಂತಿದ್ದವನು ತಿರುಗಿ ನೋಡಿ ನಕ್ಕ.

ರಸೆಲ್. ಎರಡು ವಾರದಿಂದ ಶೀತವೆಂದು ಪ್ರಾಕ್ಟೀಸಿಗೆ ಬಾರದಿದ್ದ ರಸೆಲ್. ಅವನ ಬಾಯಿ ತುಂಬ ಹೊಚ್ಚ ಹೊಸ ಹಲ್ಲು! ಒಂದರ ಪಕ್ಕ ಒಂದು, ಸುಣ್ಣ ಬಳಿದು ಸಾಲಾಗಿ ನಿಲ್ಲಿಸಿದ ಹಾಗೆ.

"ಏನ್ ರಸೆಲ್, ಬಾಯೊಳಗೆ ಟ್ಯೂಬ್‌ಲೈಟ್ ಹಾಕಿಸ್ಕೊಂಡಿದೀಯಾ?" ಒಳಗಿನಿಂದಲೇ ಮೊರೀನ್ ಕೂಗಿದಳು. "ಈ ಕಡೆ ತಿರುಗೋ, ಇನ್ನೊಂದ್ಸಲ ನೋಡ್ತೀನಿ!"

"ಪಿಂಗಾಣಿ," ಎಂದ ರಸೆಲ್, ಅಷ್ಟೇ. ಪೈ ತೆಗೆದುಕೊಂಡ. ಎಂದಿನಂತೆ ಬಾಗಿಲಲ್ಲೇ ಕಚ್ಚಲಿಲ್ಲ. ಚಮಚ ಇಸಿದುಕೊಂಡು ಹೊರಟುಹೋದ.

ಟ್ರೆವರನ ಸಂಕಟ ತಿಳಿಯಬೇಕಾದರೆ ಕುರ್ಚಿಯ ವಿಷಯ ತಿಳಿದಿರಬೇಕು. ಮಾಸ್‌ಬ್ರೂಕ್ ಬ್ಯಾಂಡಿನಲ್ಲಿ ಕಾರ್ನೆಟ್ ಎಂಬ ಗಿಡ್ಡ ತುತ್ತೂರಿ ಊದುವವರ ಸಾಲಿನಲ್ಲಿ ಮೊದಲ ಕುರ್ಚಿ ರಸೆಲನದು. ಒಂಟಿಯಾಗಿ ನುಡಿಸುವ ರಾಗವೆಲ್ಲ ಅವನಿಗೆ, ಎದ್ದು ನಿಂತು ಚಪ್ಪಾಳೆ ತೆಗೆದುಕೊಳ್ಳುವವನೂ ಅವನೇ. ಎರಡನೆಯ ಕುರ್ಚಿ ಟ್ರೆವರನದು. ಹದಿನಾಲ್ಕು ವರ್ಷದಿಂದ ಅವನು ಆ ಕುರ್ಚಿಯಿಂದ ಪಕ್ಕದ ಕುರ್ಚಿಯನ್ನು ನೋಡುತ್ತ ಬಂದಿದ್ದಾನೆ, ಉಪವಾಸದವನು ಪಕ್ಕದ ಎಲೆ ನೋಡಿದ ಹಾಗೆ. ಕ್ಲಬ್ಬಿನ ಗೋಡೆಯ ಮೇಲಿನ ಫೋಟೋಗಳಲ್ಲೆಲ್ಲ ರಸೆಲ್ ಇಡಿಯಾಗಿ ಇದ್ದಾನೆ. ಟ್ರೆವರ್ ಇರುವುದು ಒಂದು ಕಿವಿ, ಅರ್ಧ ಭುಜ. ಊದುವುದರಲ್ಲಿ ತಾನೇನೂ ಕಡಿಮೆಯಿಲ್ಲ, ಕಡಿಮೆಯಿರುವುದು ಮುಖದಲ್ಲಿ ಎಂದು ಟ್ರೆವರ್ ಎಂದೋ ತೀರ್ಮಾನಿಸಿಬಿಟ್ಟಿದ್ದ. ಅವನ ಮುಂದಿನ ಎರಡು ಹಲ್ಲುಗಳು ಒಂದರ ಮೇಲೊಂದು ಕಾಲು ಹಾಕಿ ಕೂತಿದ್ದವು. ಒಂದರ ಮೂಲೆ ಬೇರೆ ಮುರಿದಿತ್ತು.

"ಮುಗೀತು ಬಿಡು," ಎಂದಿತು ಬೆನ್ನ ಹಿಂದಿನಿಂದ ಒಂದು ದನಿ. ಪಕ್ಕದ ಮನೆಯ ಗ್ಲೆಂಡಾ. ಬ್ಯಾಂಡಿನಲ್ಲೂ ಅವಳದು ಅವನ ಪಕ್ಕವೇ, ಮೂರನೆಯ ಕುರ್ಚಿ. "ಆ ಹಲ್ಲಿಟ್ಕೊಂಡು ಅವನು ಇನ್ನು ಸಾಯೋವರೆಗೂ ಆ ಕುರ್ಚಿ ಬಿಡಲ್ಲ. ಇವತ್ತು ಪೇಪರಿನವ್ರು ಬೇರೆ ಫೋಟೋ ತೆಗೆಯೋಕೆ ಬರ್ತಿದಾರೆ."

"ಹಲ್ಲಿಂದ ಏನಾಗುತ್ತೆ?" ಎಂದ ಟ್ರೆವರ್, ತುಟಿ ಮುಚ್ಚಿಕೊಂಡು.

"ಏನೂ ಆಗಲ್ಲಪ್ಪ. ಮೊರೀನ್ ಅವನಿಗೆ ಗ್ರೇವಿ ಎಷ್ಟು ಸುರಿದ್ಲು ನೋಡಿದ್ಯಲ್ಲ, ಅಷ್ಟೇ."

ನೋಡಿದ್ದ. ತನ್ನ ಪೈಯ ಮೇಲೆ ಬಿದ್ದದ್ದು ಲೆಕ್ಕಕ್ಕೆ ಒಂದು ಸೌಟು ಎಂಬುದನ್ನೂ ನೋಡಿದ. ಉರಿಯುವ ಬೆಂಕಿಗೆ ತುಪ್ಪ ಸುರಿಯುತ್ತಾರೆ ಎಂದು ಕೇಳಿದ್ದೇವೆ. ಮೊರೀನ್ ಗ್ರೇವಿಯಲ್ಲೇ ಆ ಕೆಲಸ ಮುಗಿಸಿದ್ದಳು.

"ಎದುರಿಗೇ ಹಲ್ಲಿನ ಡಾಕ್ಟ್ರು ಇದಾರೆ," ಎಂದಳು ಗ್ಲೆಂಡಾ. "ನನ್ನ ತಂಗಿ ಒಂದೇ ಬೆಳಿಗ್ಗೇಲಿ ಮಾಡಿಸ್ಕೊಂಡು ಬಂದ್ಲು. ಬಾಂಡಿಂಗ್ ಅಂತೆ. ಬರೀ ಹಚ್ಚೋದು, ಕೊರೆಯೋದಿಲ್ಲ ಏನಿಲ್ಲ."

"ಮತ್ತೆ ನೀನ್ಯಾಕೆ ಮಾಡಿಸ್ಕೊಂಡಿಲ್ಲ?"

ಗ್ಲೆಂಡಾ ಬಾಯಿ ತೆರೆದು ನಕ್ಕಳು. ಅವಳ ಮುಂದಿನ ಹಲ್ಲುಗಳ ನಡುವೆ ಕಿಟಕಿಯಷ್ಟು ಸಂದಿ. "ನನ್ನನ್ನ ಯಾರು ನೋಡ್ಬೇಕು, ರಾಜಾ? ನೀನು ಹೋಗು."

ಬಾಯ್ಲರ್ ರಿಪೇರಿ ಅವನ ಕಸುಬು, ಇವತ್ತು ಹೇಗೂ ರಜೆ ಹಾಕಿದ್ದ. ಬಾಯ್ಲರ್ ಕೆಟ್ಟವರು ಇವತ್ತೊಂದು ದಿನ ತಣ್ಣೀರಿನಲ್ಲೇ ಸ್ನಾನ ಮಾಡಿಕೊಳ್ಳಲಿ ಎಂದುಕೊಂಡ ಟ್ರೆವರ್ ರಸ್ತೆ ದಾಟಿದ. ಅದೃಷ್ಟವೋ ದುರದೃಷ್ಟವೋ, ಸಂಜೆಗೆ ರಸ್ತೆ ಮುಚ್ಚುತ್ತಾರೆಂದು ಯಾರೋ ತಮ್ಮ ಸರದಿ ರದ್ದು ಮಾಡಿದ್ದರು. "ಈಗಲೇ ನೋಡ್ತಾರೆ, ಕೂತ್ಕೊಳ್ಳಿ," ಎಂದಳು ಬಾಗಿಲ ಬಳಿಯ ಹುಡುಗಿ.

ಕಾಯುವ ಕೋಣೆಯಲ್ಲಿ ಕೂತಿದ್ದ ಮುದುಕನೊಬ್ಬ ಕೇಳದೆಯೇ ಸಲಹೆ ಕೊಟ್ಟ. "ಎಲ್ಲಾನೂ ಕೀಳಿಸಿ ಹಾಕ್ಬಿಡು ಮಗಾ. ನನ್ನವು ನೋಡು, ಊಟಕ್ಕೆ ಒಂದು ಜೊತೆ, ಚರ್ಚಿಗೆ ಒಂದು ಜೊತೆ."

ಡಾಕ್ಟರ್ ಹಾಲಿನಾ ಪೋಲೆಂಡಿನವರು, ಮಾತು ಚುಟುಕು. ಟ್ರೆವರನ ಬಾಯೊಳಗೆ ದೀಪ ಬಿಟ್ಟು ನೋಡಿ, "ಏನಾಗ್ಬೇಕು?" ಎಂದರು.

"ನಗು ಸ್ವಲ್ಪ... ಸಂಜೆ ಆರು ಗಂಟೆ ಒಳಗೆ."

"ನಾಲ್ಕು ದಾರಿ ಇದೆ. ಬಿಳುಪು ಮಾಡಿಸಬಹುದು. ಎರಡು ವಾರ ಬೇಕು, ಅಷ್ಟೂ ದಿನ ಟೀ ಕುಡಿಯೋ ಹಾಗಿಲ್ಲ."

ಟ್ರೆವರ್ ಕುರ್ಚಿಯಿಂದ ಅರ್ಧ ಎದ್ದುಬಿಟ್ಟ. ಟೀ ಬಿಟ್ಟು ಎರಡು ವಾರ ಬದುಕಿದವರು ಅವನ ವಂಶದಲ್ಲೇ ಯಾರೂ ಇರಲಿಲ್ಲ.

"ಬಿಳುಪಾದ್ರೂ ಸೊಟ್ಟ ಹಾಗೇ ಇರುತ್ತೆ," ಎಂದು ಡಾಕ್ಟರು ಮುಂದುವರಿಸಿದರು. "ಸೊಟ್ಟ ಸರಿಯಾಗ್ಬೇಕಾ? ಗಾಜಿನಂಥ ಕ್ಲಿಪ್ ಹಾಕ್ತೀನಿ, ಒಂದು ವರ್ಷ. ಇಲ್ಲಾ ವಿನೀರ್, ಅಂದ್ರೆ ಹಲ್ಲು ಸವೆಸಿ ಮೇಲೆ ಪಿಂಗಾಣಿ ಚಿಪ್ಪು ಅಂಟಿಸೋದು. ನೋಡೋಕೆ ಎಲ್ಲಕ್ಕಿಂತ ಚೆಂದ. ಆದ್ರೆ ಸವೆಸಿದ್ದು ಮತ್ತೆ ಬೆಳೆಯಲ್ಲ, ಮೂರು ವಾರಾನೂ ಬೇಕು."

ಪಿಂಗಾಣಿ! ಆ ಒಂದು ಮಾತಿಗೆ ಟ್ರೆವರನ ಹೊಟ್ಟೆ ಮತ್ತೆ ಚುರ್ರೆಂದಿತು. ರಸೆಲನದು ಎಲ್ಲಕ್ಕಿಂತ ಚೆಂದದ್ದು. ಅದರಲ್ಲೂ ಮೊದಲ ಕುರ್ಚಿ. "ಇವತ್ತೇ ಆಗೋದು?"

"ಬಾಂಡಿಂಗ್. ಹಲ್ಲಿನ ಬಣ್ಣದ ಲೇಪ ಹಚ್ಚಿ, ತಿದ್ದಿ, ದೀಪದಲ್ಲಿ ಗಟ್ಟಿ ಮಾಡ್ತೀನಿ. ಮುರಿದ ಮೂಲೆ ತುಂಬುತ್ತೆ, ಸಂದಿ ಮುಚ್ಚುತ್ತೆ. ಹಲ್ಲು ಸ್ವಲ್ಪ ದಪ್ಪ, ಸ್ವಲ್ಪ ಉದ್ದ ಆಗುತ್ತೆ." ಡಾಕ್ಟರು ಕೈಗವಸು ಹಾಕಿಕೊಳ್ಳುತ್ತ ತಡೆದರು. "ಉಗುರು ಕಚ್ತೀರಾ? ಪೆನ್ನು? ಏನಾದ್ರೂ ಊದೋ ವಾದ್ಯ ನುಡಿಸ್ತೀರಾ? ಯಾಕಂದ್ರೆ..."

ಹೌದೆಂದರೆ ಈಯಮ್ಮ ಕೈಗವಸು ಬಿಚ್ಚಿಬಿಟ್ಟರೆ? ರಸೆಲ್ ಮಾಡಿಸಿಕೊಂಡಿಲ್ಲವೇ? ಅವನಿಗೆ ಆಗದ್ದು ತನಗೇನಾದೀತು?

"ಛೆ ಛೆ," ಎಂದ ಟ್ರೆವರ್. "ಬಿಸಿ ಟೀ ಬಿಟ್ರೆ ಬೇರೆ ಏನೂ ಊದಲ್ಲ."

ಊಟದ ಹೊತ್ತಿಗೆ ಹೊರಬಿದ್ದಾಗ ಅವನು ಬೇರೆಯೇ ಮನುಷ್ಯ. ಬೇಕರಿಯ ಗಾಜಿನಲ್ಲಿ ನಕ್ಕ, ನಿಂತ ಕಾರುಗಳ ಕನ್ನಡಿಯಲ್ಲೆಲ್ಲ ನಕ್ಕ. ಕೊನೆಯ ಕಾರಿನ ಒಳಗೆ ಕೂತಿದ್ದ ಹೆಂಗಸು ಹೆದರಿ ಬಾಗಿಲು ಲಾಕ್ ಮಾಡಿಕೊಂಡಳು. ಟ್ರೆವರ್ ಲೆಕ್ಕಿಸಲಿಲ್ಲ. ಈ ಸಂಜೆ ಫೋಟೋದಲ್ಲಿ ಕಿವಿ ಮಾತ್ರವಲ್ಲ, ಪೂರ್ತಿ ಟ್ರೆವರ್ ಇರುತ್ತಾನೆ. ಬ್ಯಾಂಡ್ ಮಾಸ್ಟರ್ ಹೋಲ್ಟ್ ನೋಡುತ್ತಾನೆ, ಇಷ್ಟು ದಿನ ಇವನನ್ನು ಹಿಂದಿಟ್ಟೆನಲ್ಲ ಎಂದುಕೊಳ್ಳುತ್ತಾನೆ.

ಮನೆಗೆ ಬಂದು ಕಾರ್ನೆಟ್ ತೆಗೆದು ತುಟಿಗಿಟ್ಟ. ಊದಿದ.

ಫುಸ್ಸ್.

ತುಟಿ ಒರೆಸಿಕೊಂಡು ಮತ್ತೆ ಊದಿದ. ಸುಯ್ಯೆಂದಿತು, ಅಷ್ಟೇ. ಮೂವತ್ತು ವರ್ಷದಿಂದ ಆ ಮುರಿದ ಮೂಲೆ ಎಲ್ಲಿದೆ, ಸೊಟ್ಟ ಹಲ್ಲು ಎಲ್ಲಿ ಮುಗಿಯುತ್ತದೆ ಎಂದು ನೋಡಿಕೊಂಡೇ ಅವನ ತುಟಿ ಊದಲು ಕಲಿತಿತ್ತು. ಈಗ ಅಲ್ಲಿ ನುಣ್ಣನೆಯ ಗೋಡೆ. ಗಾಳಿ ಹೋಗಿ ಗೋಡೆಗೆ ಹೊಡೆದು ಕೆನ್ನೆಗೆ ವಾಪಸಾಗುತ್ತಿತ್ತು. ಕೆಳಗಿನ ಸ್ವರಗಳು ಎಮ್ಮೆ ನಿಟ್ಟುಸಿರಿಟ್ಟಂತೆ ಬಂದವು. ಮೇಲಿನವು ಬರಲೇ ಇಲ್ಲ.

ಗೋಡೆಯಾಚೆಯಿಂದ ಗ್ಲೆಂಡಾ ಕೂಗಿದಳು. "ಟ್ರೆವರ್! ಕೆಟಲ್ ಆರಿಸೋ, ನೀರೆಲ್ಲ ಇಂಗಿ ಹೋಯ್ತು!"

ಟ್ರೆವರ್ ಕಾರ್ನೆಟ್ಟನ್ನು ಪೆಟ್ಟಿಗೆಯಲ್ಲಿಟ್ಟು ಮುಚ್ಚಿದ. ಆದರೆ ಆಸೆಯೆಂಬುದು ಕೆಟ್ಟ ವಕೀಲ, ಎಂಥ ಕೇಸಿಗೂ ವಾದ ಹುಡುಕಿಕೊಡುತ್ತದೆ. ಒಂದು ವಾರ ಅಭ್ಯಾಸ ಮಾಡಿದರೆ ತುಟಿ ತಾನಾಗಿ ಒಗ್ಗುತ್ತದೆ. ಇವತ್ತಿಗೆ ಬೆರಳು ಆಡಿಸಿಕೊಂಡು ನಿಂತರಾಯಿತು. ಒಂಟಿ ರಾಗಕ್ಕೆ ರಸೆಲ್ ಇದ್ದಾನಲ್ಲ! ತೀರ್ಪುಗಾರ ಹೇಗೂ ಪರದೆ ಎಳೆದ ಕ್ಯಾರವಾನ್ ಗಾಡಿಯೊಳಗೆ ಕೂತಿರುತ್ತಾನೆ. ಯಾವ ಬ್ಯಾಂಡೆಂದು ತಿಳಿಯಬಾರದೆಂದು ಅವನು ಕಿವಿಯಿಂದಷ್ಟೇ ಕೇಳುತ್ತಾನೆ. ಹಾಗಿದ್ದಮೇಲೆ ಇಷ್ಟು ಚೆಂದದ ನಗು ಅವನಿಗೆ ಕಾಣುವುದೂ ಇಲ್ಲ ಎಂಬುದು ಆಗ ಟ್ರೆವರನಿಗೆ ಹೊಳೆಯಲಿಲ್ಲ.

ಸಂಜೆ ಬಸ್ಸು ಹತ್ತಿದ ತಕ್ಷಣ ಟ್ರಾಂಬೋನಿನವರು ಶುರು ಮಾಡಿದರು.

"ಓಹೋ, ಎರಡನೇ ದೀಪಸ್ತಂಭ!"

"ಕತ್ತಲಾದ್ರೆ ಚಿಂತೆ ಇಲ್ಲ ಕಣ್ರೋ, ಟ್ರೆವರ್ ಕಡೆ ತಿರುಗಿ ಹಾಳೆ ಓದ್ಕೋಬಹುದು."

ಟ್ರೆವರ್ ಮೇಲೆಮೇಲೆ ಮುನಿಸು ತೋರಿದ, ಒಳಗೊಳಗೇ ಹಿಗ್ಗಿದ. ರಸೆಲ್ ಮಾತ್ರ ಅವನ ಹಲ್ಲು ನೋಡಿದವನೇ ಬಿಳಿಚಿಕೊಂಡ. ಏನೋ ಹೇಳಲು ಬಾಯಿ ತೆರೆದು, ಮತ್ತೆ ಮುಚ್ಚಿ, ಕಿಟಕಿಯ ಕಡೆ ತಿರುಗಿಕೊಂಡ. ಹೊಟ್ಟೆಕಿಚ್ಚು, ಎಂದುಕೊಂಡ ಟ್ರೆವರ್. ಹದಿನಾಲ್ಕು ವರ್ಷದಲ್ಲಿ ಮೊದಲ ಬಾರಿಗೆ ಕಿಚ್ಚು ಆ ಕಡೆಯಿಂದ ಈ ಕಡೆಗೆ ಬರುತ್ತಿತ್ತು. ಎಂಥ ಸುಖ!

ಮೊದಲ ಊರಿನ ಬೀದಿಯಲ್ಲಿ ಬ್ಯಾಂಡು ಸಾಲುಗಟ್ಟಿತು. ಎರಡೂ ಬದಿಗೆ ಜನ, ಗೋಡೆಗಳ ಮೇಲೆ ಜನ. ಪರದೆ ಎಳೆದ ಕ್ಯಾರವಾನು ಬೀದಿಯ ಕೊನೆಗೆ ನಿಂತಿತ್ತು. ಹೋಲ್ಟ್ ಗಂಟಲು ಸರಿಮಾಡಿಕೊಂಡ.

"ಒಂದು ವಿಷಯ. ನಮ್ಮ ರಸೆಲ್‌ಗೆ ಹೊಸ ಹಲ್ಲು ಹಾಕಿಸ್ಕೊಂಡ್ಮೇಲೆ ಒಂದು ಸ್ವರಾನೂ ಹೊರಡ್ತಿಲ್ಲ. ಶೀತ ಗೀತ ಎಲ್ಲ ಸುಳ್ಳು. ಎರಡು ವಾರ ಒದ್ದಾಡಿ, ಆಗಲ್ಲ ಅಂತ ನಿನ್ನೆ ಕುರ್ಚಿ ಬಿಟ್ಕೊಟ್ಟ." ಅವನು ತಿರುಗಿ ಟ್ರೆವರನ ಹೆಗಲ ಮೇಲೆ ಕೈಯಿಟ್ಟ. "ಅವನಿಲ್ಲದಾಗ ನೀನು ನುಡಿಸಿದ್ದು ಕೇಳಿದೆ, ಟ್ರೆವರ್. ನಿನ್ನನ್ನ ಇಷ್ಟು ವರ್ಷ ಕಾಯಿಸಿದ್ದು ನನ್ನ ತಪ್ಪು. ಇವತ್ತಿಂದ ಮೊದಲ ಕುರ್ಚಿ ನಿಂದು. ಕಾಯಂ. ಒಂಟಿ ರಾಗಾನೂ ನಿಂದೇ."

ಬ್ಯಾಂಡಿಗೆ ಬ್ಯಾಂಡೇ ಚಪ್ಪಾಳೆ ತಟ್ಟಿತು. ಟ್ರೆವರ್ ನಗುತ್ತಲೇ ಇದ್ದ, ಬಾಯಿ ಮುಚ್ಚುವುದು ಮರೆತುಹೋಗಿತ್ತು. ಹಲ್ಲಿದ್ದವರಿಗೆ ಕಡಲೆಯಿಲ್ಲ, ಕಡಲೆಯಿದ್ದವರಿಗೆ ಹಲ್ಲಿಲ್ಲ ಎನ್ನುತ್ತಾರೆ. ಹಲ್ಲೂ ಕಡಲೆಯೂ ಒಂದೇ ದಿನ ಸಿಕ್ಕಿ, ಆ ಹಲ್ಲಿನಿಂದಲೇ ಕಡಲೆ ತಪ್ಪುವ ಯೋಗ ಟ್ರೆವರನಿಗೇ ಮೀಸಲಾಗಿತ್ತು.

ಹೇಳಬೇಕೆಂದು ತುಟಿಯವರೆಗೆ ಬಂತು. ಅಷ್ಟರಲ್ಲಿ ಡ್ರಮ್ಮು ಬಡಿಯಿತು.

ಮಾರ್ಚಿನ ಮೊದಲರ್ಧ ಸಾಂಗವಾಗಿ ಸಾಗಿತು, ಏಕೆಂದರೆ ಟ್ರೆವರ್ ಬೆರಳಷ್ಟೇ ಆಡಿಸುತ್ತಿದ್ದ. ಆಮೇಲೆ ಬ್ಯಾಂಡು ಪೂರ್ತಿ ತಗ್ಗಿ, ಇಡೀ ಬೀದಿ ಉಸಿರು ಹಿಡಿದುಕೊಂಡು, ಒಂಟಿ ಕಾರ್ನೆಟ್ಟಿಗಾಗಿ ಕಾಯಿತು. ಟ್ರೆವರ್ ಕಣ್ಣು ಮುಚ್ಚಿ, ಇದ್ದಬದ್ದ ಗಾಳಿಯನ್ನೆಲ್ಲ ತುಂಬಿ ಊದಿದ.

ಫುಸ್ಸ್... ಕೊಂಯ್ಕ್.

ಗೋಡೆಯ ಮೇಲಿದ್ದ ನಾಯಿಯೊಂದು ಉತ್ತರ ಕೊಟ್ಟಿತು. ಕ್ಯಾರವಾನಿನ ಪರದೆ ಒಮ್ಮೆ ಅಲುಗಿತು. ಒಳಗಿನವನು ಹೊರಗೆ ನೋಡಬಾರದೆಂಬ ನಿಯಮವನ್ನು ಕಷ್ಟಪಟ್ಟು ನೆನಪಿಸಿಕೊಂಡಿರಬೇಕು. ಇನ್ನೊಂದು ಫುಸ್ಸಿಗೆ ಬಾಯಿ ಸಿದ್ಧವಾಗುವ ಮೊದಲೇ ಟ್ರೆವರನ ಎಡಗಡೆಯಿಂದ ರಾಗ ಎದ್ದಿತು. ಜೇನಿನಂಥ ರಾಗ, ಒಂದು ಸ್ವರವೂ ತಪ್ಪದೆ, ಕೊನೆಯವರೆಗೂ.

ಗ್ಲೆಂಡಾ. ಒಂಟಿ ರಾಗದ ಹಾಳೆ ಅವಳ ಕಾರ್ನೆಟ್ಟಿನ ಕ್ಲಿಪ್ಪಿನಲ್ಲಿ ಆಗಲೇ ನೀಟಾಗಿ ಸಿಕ್ಕಿಕೊಂಡಿತ್ತು.

"ನಿನಗೆ ಗೊತ್ತಿತ್ತಾ?" ಎಂದ ಟ್ರೆವರ್, ಬ್ಯಾಂಡು ನಿಂತ ಮೇಲೆ.

"ಹಲ್ಲಿಂದ ರಸೆಲ್ ಕುರ್ಚಿ ಬಿಟ್ಟಿದ್ದಾ? ನಿನ್ನೆಯೇ ಗೊತ್ತಿತ್ತು," ಎಂದಳು ಗ್ಲೆಂಡಾ, ಸಂದಿ ಪೂರ್ತಿ ಕಾಣುವ ಹಾಗೆ ನಗುತ್ತ. "ಮೂರನೇ ಕುರ್ಚಿಯಿಂದ ನೋಡಿದ್ರೆ ಎರಡು ಕುರ್ಚಿ ಕಾಣ್ಸುತ್ತೆ, ರಾಜಾ. ನೀನು ಒಂದೇ ನೋಡ್ತಿದ್ದೆ."

ಹೋಲ್ಟ್ ಟ್ರೆವರನ ಬಾಯಿ ನೋಡಿದ, ರಸೆಲನ ಬಾಯಿ ನೋಡಿದ, ಆಕಾಶ ನೋಡಿದ. "ನೀವಿಬ್ರೂ ಬ್ಯಾನರ್ ಹಿಡ್ಕೊಳ್ಳಿ," ಎಂದ. "ನಕ್ಕೊಂಡು ನಡೀರಿ. ಅದಾದ್ರೂ ಉಪಯೋಗಕ್ಕೆ ಬರ್ಲಿ."

ಹೀಗೆ ಎರಡನೆಯ ಊರಿಗೆ ಮಾಸ್‌ಬ್ರೂಕ್ ಬ್ಯಾಂಡು ಬರುವಾಗ ಎಲ್ಲರಿಗಿಂತ ಮುಂದೆ ಟ್ರೆವರನೇ ಇದ್ದ. ಒಂದು ಕೋಲು ಅವನ ಕೈಯಲ್ಲಿ, ಇನ್ನೊಂದು ರಸೆಲನ ಕೈಯಲ್ಲಿ.

"ಬಸ್ಸಲ್ಲೇ ಹೇಳೋದಲ್ವೇನೋ, ಪಾಪಿ," ಎಂದು ಟ್ರೆವರ್ ಹಲ್ಲು ಕಚ್ಚದೆಯೇ ಗದರಿದ. ಕಚ್ಚಬೇಡಿ ಎಂದು ಡಾಕ್ಟರು ಹೇಳಿದ್ದರು.

"ನಾಚಿಕೆ ಆಯ್ತು ಕಣೋ." ರಸೆಲ್ ನೆಲ ನೋಡಿಕೊಂಡು ನಡೆದ. "ನಾನ್ಯಾಕೆ ಮಾಡಿಸ್ಕೊಂಡೆ ಗೊತ್ತಾ? ನಿನ್ನಿಂದ. ಮೊರೀನ್ ಒಂದಿನ ಅಂದ್ಲು, ಟ್ರೆವರ್ ನಕ್ರೆ ನಮ್ಮನೆ ಹುಡುಗ ನಕ್ಕ ಹಾಗಿರುತ್ತೆ, ನೀನು ನಕ್ರೆ ಬ್ಯಾಂಕಿನವ್ನು ನಕ್ಕ ಹಾಗೆ ಅಂತ. ಅವತ್ತಿಂದ ನಿದ್ದೆ ಬರ್ಲಿಲ್ಲ. ನಿನ್ನ ಆ ಸೊಟ್ಟ ಹಲ್ಲಿನ ಮೇಲೆ ನನಗೆಷ್ಟು ಹೊಟ್ಟೆ ಉರೀತಿತ್ತು ಅಂತೀಯಾ!"

ಟ್ರೆವರ್ ನಾಲಿಗೆಯಿಂದ ತಡವಿ ನೋಡಿದ. ಸೊಟ್ಟ ಹಲ್ಲು ನುಣ್ಣನೆಯ ಲೇಪದಡಿ ಎಲ್ಲೋ ಹುದುಗಿತ್ತು. ಹದಿನಾಲ್ಕು ವರ್ಷ ತಾನು ಆ ಕುರ್ಚಿಗೆ ಕುದಿದಾಗಲೆಲ್ಲ ಆ ಕುರ್ಚಿಯೂ ತನಗೆ ಕುದಿಯುತ್ತಿತ್ತೇ? ಅಳು ಬರುವಂತಾಯಿತು. ಹಿಂದೆ ಗ್ಲೆಂಡಾಳ ಕಾರ್ನೆಟ್ ಸಂಜೆಯ ಬಿಸಿಲಿನಷ್ಟು ಹಾಯಾಗಿ ಹಾಡುತ್ತಿತ್ತು.

ಪೇಪರಿನ ಫೋಟೋದವನು ಎದುರು ಬಂದು ಕ್ಯಾಮೆರಾ ಎತ್ತಿದ. ಇಬ್ಬರೂ ಅಭ್ಯಾಸವೆಂಬಂತೆ ನಕ್ಕರು. ಅವನು ಕಣ್ಣು ಕಿರಿದು ಮಾಡಿ ರಸೆಲನ ಕಡೆ ಕೈಯಾಡಿಸಿದ.

"ಬಲಗಡೆಯವ್ರು ಸ್ವಲ್ಪ ಬಾಯಿ ಮುಚ್ಚಿ ಸಾರ್, ಬಿಸಿಲಿಗೆ ಫಳಫಳ ಅಂತಿದೆ. ಎಡಗಡೆಯವ್ರು ಹಾಗೇ ಇರಿ, ನಿಮ್ದೇನೂ ತೊಂದ್ರೆ ಇಲ್ಲ."

ಟ್ರೆವರನ ನಗು ಅಲ್ಲೇ ನಿಂತಿತು. ತನ್ನದೇನೂ ತೊಂದರೆ ಇಲ್ಲವೇ? ತನ್ನದು ಫಳಫಳ ಅನ್ನುವುದಿಲ್ಲವೇ? ಬೆಳಗಿನ ಕಿಚ್ಚು ಹೊಟ್ಟೆಯಲ್ಲಿ ಮತ್ತೆ ಮೆಲ್ಲಗೆ ತಲೆಯೆತ್ತಿತು. ಬ್ಯಾನರನ್ನು ಭುಜಕ್ಕೆ ಒತ್ತಿಕೊಂಡು ಅವನು ರಸೆಲನ ಕಡೆ ಬಾಗಿದ.

"ಅಲ್ಲ ಕಣೋ ರಸೆಲ್," ಎಂದು ಪಿಸುಗುಟ್ಟಿದ, "ಆ ಪಿಂಗಾಣಿ... ಮೂರೇ ವಾರ ತಾನೆ?"