ಬೀಗರ ಬೀಗ

ಅಜ್ಜನ ಹೊಟ್ಟೆಗೆ ಕಿಚ್ಚು ಬಿದ್ದದ್ದು ಒಂದು ಹುಲಿಯಿಂದ. ಬೆಳಿಗ್ಗೆ ಅವನ ಟೈಲರ್ ಅಂಗಡಿಗೆ ಓಡಿಬಂದ ಮೊಮ್ಮಗಳ ಅಂಗಿಯ ಮೇಲೆ ಅದು ಹಲ್ಲು ಕಿಸಿದು ನಿಂತಿತ್ತು.

"ಹುಲಿಯಜ್ಜ ಹಾಕಿಕೊಟ್ಟ. ಅವನು ಹುಲಿಯಜ್ಜ, ನೀನು ಹೂವಜ್ಜ," ಎಂದಳು.

ಹುಲಿಯಜ್ಜ ಎಂದರೆ ಮಗಳ ಮಾವ, ಇವನ ಬೀಗರು. ರಸ್ತೆಯಾಚೆ ಅವರದು 'ಸೊಗಸು ಟೈಲರ್ಸ್'. ಇಬ್ಬರದೂ ಒಂದೇ ಕಂಪನಿಯ ಕಸೂತಿ ಮೆಷಿನ್. ಕಂಪನಿಯವರು ಅದಕ್ಕೆ ಒಳಗಿನಿಂದಲೇ ಬೀಗ ಜಡಿದಿದ್ದರು. ಅವರು ಕೊಟ್ಟ ನಲವತ್ತು ಹೂವು ಬಿಟ್ಟರೆ ಬೇರೊಂದು ಎಲೆಯನ್ನೂ ಅದು ಹೊಲಿಯದು. ಬೀಗರು ಆ ಬೀಗ ತೆಗೆಸಿದ್ದರು.

"ನಂದೂ ತೆಗೆಸ್ತೀನಿ," ಎಂದ ಅಜ್ಜ.

ಪಕ್ಕದಂಗಡಿಯ ಇಸ್ತ್ರಿಯವನು ಕರೆಯದೆ ಬಂದ. "ಬೇಡಿ ಅಣ್ಣ. ಆಮೇಲೆ ಕೆಟ್ರೆ ಕಂಪನಿಯವರು ಈ ಕಡೆ ತಲೆ ಹಾಕಲ್ಲ."

"ಮನೆಗೆ ತಂದ ಮೇಲೆ ಮೆಷಿನ್ ನಮ್ಮದಾ, ಅವರದಾ?" ಎಂದು ಅಂಗಡಿಯಲ್ಲೇ ಗುಂಡಿ ಹಚ್ಚುತ್ತಿದ್ದ ಅಜ್ಜಿ ಕೇಳಿದಳು. "ನಾನು ಕೊಂಡ ಪಾತ್ರೆಯಲ್ಲಿ ಏನು ಬೇಯಿಸಬೇಕು ಅಂತ ಅಂಗಡಿಯವನು ಹೇಳ್ತಾನಾ?"

ಅಜ್ಜಿಯೂ ಇಸ್ತ್ರಿಯವನೂ ಮಧ್ಯಾಹ್ನದವರೆಗೆ ವಾದಿಸಿದರು. ಅಜ್ಜನಿಗೆ ನ್ಯಾಯ ಬೇಕಿರಲಿಲ್ಲ, ಆನೆ ಬೇಕಿತ್ತು. ಹುಲಿಗಿಂತ ದೊಡ್ಡದು.

ಬೀಗರ ಬೀಗ ತೆಗೆದ ರಿಪೇರಿಯವನನ್ನೇ ಕರೆಸಿದ. ಅವನು ಲ್ಯಾಪ್‌ಟಾಪ್ ಬಿಚ್ಚಿ, "ಬೀಗ ತೆಗೆದ್ರೆ ಕಂಪನಿ ಹೂವೂ ಹೋಗ್ತವೆ. ಬದಲಿಗೆ ಏನೇನು ತುಂಬಲಿ?" ಎಂದ.

"ಬೀಗರ ಮೆಷಿನ್‌ನಲ್ಲಿ ಇರೋದೆಲ್ಲಾ ತುಂಬು. ಒಂದು ಚುಕ್ಕಿ ಕಡಿಮೆ ಆಗಬಾರದು."

"ಎಲ್ಲಾನಾ?"

"ಎಲ್ಲಾ ಅಂದ್ರೆ ಎಲ್ಲಾ. ಮೇಲೊಂದು ಆನೆ."

ರಿಪೇರಿಯವನು ಹೇಳಿದಷ್ಟು ಮಾಡಿ ಹೋದ. ಮೊದಲ ಪರೀಕ್ಷೆಯಲ್ಲಿ ಆನೆಯ ಬಾಲದ ಜೊತೆಗೆ, ಬಗ್ಗಿ ನೋಡುತ್ತಿದ್ದ ಇಸ್ತ್ರಿಯವನ ಅಂಗಿಯ ತೋಳೂ ಹೊಲಿದುಹೋಯಿತು. ಅಜ್ಜಿ ಕತ್ತರಿ ಹಿಡಿದು ಅವನನ್ನು ಬಿಡಿಸಿದಳು. ಅಜ್ಜ ಮಾತ್ರ ಬಾಲ ನೋಡಿಯೇ ಹಿಗ್ಗಿದ.

ಸಂಜೆ ಶಾಲೆಯಿಂದ ಬಂದ ಮೊಮ್ಮಗಳನ್ನು ಪಕ್ಕದಲ್ಲೇ ಕೂರಿಸಿಕೊಂಡು, ಅವಳ ಹೊಸ ಫ್ರಾಕನ್ನು ಮೆಷಿನ್‌ಗೆ ಸಿಕ್ಕಿಸಿದ. ಕಾಲು ಬಂತು, ಕಿವಿ ಬಂತು, ಸೊಂಡಿಲು ಬಂತು. ಮಗು ಉಸಿರು ಬಿಗಿಹಿಡಿದು ನೋಡಿತು. ಎದುರಂಗಡಿಯ ಬೀಗರೂ ಕೆಲಸ ನಿಲ್ಲಿಸಿ ಇತ್ತ ನೋಡುತ್ತಿದ್ದರು. ಅಜ್ಜನ ಜನ್ಮ ಸಾರ್ಥಕವಾಯಿತು.

ಆನೆ ಮುಗಿಯಿತೆಂದು ಫ್ರಾಕಿಗೆ ಕೈ ಹಾಕುವಷ್ಟರಲ್ಲಿ ಸೂಜಿ ಮತ್ತೆ ಇಳಿಯಿತು. ಆನೆಯ ಕಾಲಡಿ ಕೆಂಪು ದಾರದಲ್ಲಿ ಅಕ್ಷರಗಳು ಮೂಡತೊಡಗಿದವು. ಅಜ್ಜ ಸಿಕ್ಕಿದ ಗುಂಡಿಯನ್ನೆಲ್ಲ ಒತ್ತಿದ. ಮೆಷಿನ್ ಈಗ ಯಾರ ಮಾತನ್ನೂ ಕೇಳುವ ಸ್ಥಿತಿಯಲ್ಲಿರಲಿಲ್ಲ.

ಹೊಸದಾಗಿ ಓದಲು ಕಲಿತ ಮೊಮ್ಮಗಳು ಬೆರಳಿಟ್ಟು ಓದಿದಳು. "ಸೊ... ಗ... ಸು... ಟೈಲರ್ಸ್. ಇದನ್ನೂ ಹುಲಿಯಜ್ಜಾನೇ ಹಾಕಿದ್ದಾ?"

"ಅಲ್ಲ ಪುಟ್ಟಿ, ನಾನೇ..." ಎಂದು ಅಜ್ಜ ಬಾಯಿ ತೆರೆಯುವುದರೊಳಗೆ ಅವಳು ಫ್ರಾಕ್ ಎಳೆದುಕೊಂಡು ರಸ್ತೆ ದಾಟಿ, ಬೀಗರ ಕೊರಳಿಗೆ ಜೋತುಬಿದ್ದಿದ್ದಳು.

ಬೀಗರು ಆನೆಯನ್ನು ನೋಡಿದರು, ಅದರ ಕೆಳಗಿನ ತಮ್ಮ ಅಂಗಡಿಯ ಹೆಸರನ್ನೂ ನೋಡಿದರು. ಕಣ್ಣು ಒದ್ದೆಯಾಯಿತು.

"ಬೀಗರೇ," ಎಂದು ಅಲ್ಲಿಂದಲೇ ಕೈ ಮುಗಿದರು, "ನಿಮ್ಮಷ್ಟು ದೊಡ್ಡ ಮನಸ್ಸು ನನಗಿಲ್ಲ ಬಿಡಿ."