ಹದಿನೇಳನೆಯ ಹೂದಾನಿ

ಲೋರ್ಸ್‌ಬಾಖ್ ಸಂಸ್ಥಾನದ ಪ್ರಭುಗಳು 1742ನೆಯ ಇಸವಿಯ ವಸಂತದಲ್ಲಿ ತಮ್ಮ ಸೈನ್ಯದ ನಲವತ್ತು ಮಂದಿ ಸಿಪಾಯಿಗಳನ್ನು ನೆರೆಯ ದೊರೆಗೆ ಕೊಟ್ಟು, ಆಳೆತ್ತರದ ನಲವತ್ತು ಪಿಂಗಾಣಿ ಹೂದಾನಿಗಳನ್ನು ಪಡೆದರು. ಇದರಿಂದ ಸಂಸ್ಥಾನದ ಗೌರವ ಹೆಚ್ಚಿತು. ಸೈನ್ಯದ ಬಲ ಕುಗ್ಗಬಾರದೆಂದು ಪ್ರತಿ ಹೂದಾನಿಗೂ ಒಬ್ಬೊಬ್ಬ ಸಿಪಾಯಿಯ ಹೆಸರಿಟ್ಟು ಹಾಜರಿ ಪಟ್ಟಿಗೆ ಸೇರಿಸಲಾಯಿತು. ಹಾಜರಾತಿ ಹಿಂದೆಂದಿಗಿಂತ ಉತ್ತಮವಾಗಿತ್ತು.

ಹದಿನೇಳನೆಯ ಹೂದಾನಿಯ ಹೆಸರು ವೆಂಡೆಲ್. ಅರಮನೆಯಲ್ಲಿ ದೂಳು ಒರೆಸುವ ಅಪೊಲೋನಿಯಾಳ ಗಂಡನ ಹೆಸರೂ ಅದೇ. ಚಳಿಗಾಲದೊಳಗೆ ಬರುತ್ತೇನೆಂದು ಹೇಳಿ ಹೋದವನು ಎರಡು ಚಳಿಗಾಲ ಕಳೆದರೂ ಬಂದಿರಲಿಲ್ಲ. ಅಪೊಲೋನಿಯಾ ದಿನಾ ಹೂದಾನಿಯ ಹೊಟ್ಟೆ ಒರೆಸುತ್ತ ಮನೆಯ ಸುದ್ದಿ ಹೇಳುತ್ತಿದ್ದಳು. ಅದು ಗಂಡನಷ್ಟೇ ಗಮನವಿಟ್ಟು ಕೇಳುತ್ತಿತ್ತು.

ಕೊನೆಗೆ ಅವಳು ಪಿಂಗಾಣಿ ಖಾತೆಯ ಮುಖ್ಯಾಧಿಕಾರಿ ಟ್ರೌಗಾಟ್‌ನ ಬಳಿ ಹೋಗಿ, ಗಂಡ ಬರುವುದು ಯಾವಾಗ ಎಂದು ಕೇಳಿದಳು. ಅವನು ಒಪ್ಪಂದ ತರಿಸಿ, ನೆರೆಯ ದೊರೆ ಬರೆಸಿದ್ದ ಏಳನೆಯ ಕಲಮನ್ನು ಓದಿ ಹೇಳಿದ: ‘ನಮ್ಮ ಹೂದಾನಿಗಳು ಒಡೆಯುವುದಿಲ್ಲ. ಒಡೆದಲ್ಲಿ, ಚೂರುಗಳನ್ನು ಹಿಂದಿರುಗಿಸತಕ್ಕದ್ದು. ಆ ಹೆಸರಿನ ಸಿಪಾಯಿಯನ್ನು ವಾಪಸು ಕಳುಹಿಸಲಾಗುವುದು.’

“ಒಡೆಯೋ ಮಾತೇ ಇಲ್ಲಮ್ಮ. ಗಂಡನ್ನ ಮರೆತುಬಿಡು,” ಎಂದ.

“ಮರೀತೀನಿ ಸ್ವಾಮಿ. ಈಚೆಗೆ ಯಾಕೋ ಕೈ ನಡುಗ್ತಿದೆ, ಅದೊಂದು ಹೇಳಿರೋಣ ಅಂತ.”

ಗುರುವಾರ ಹದಿನೇಳನೆಯದು ಒಡೆಯಿತು. ವಿಚಾರಣೆ ನಡೆಯಿತು. ದೂಳು ಒರೆಸುವವರ ಕೈ ನಡುಗಬಾರದೆಂದು ನಿಯಮಾವಳಿಯಲ್ಲಿ ಎಲ್ಲೂ ಇಲ್ಲವಾದ್ದರಿಂದ ಅವಳು ನಿರ್ದೋಷಿ ಎಂದಾಯಿತು. ಮೂರು ಸುತ್ತು ಗುಂಡು ಹಾರಿಸಿ, ಸೇನಾ ಗೌರವದೊಂದಿಗೆ ಚೂರುಗಳನ್ನು ಗಡಿ ದಾಟಿಸಲಾಯಿತು. ಆರು ವಾರಕ್ಕೆ ವೆಂಡೆಲ್ ಬಂದ, ಸ್ವಲ್ಪ ಸೊರಗಿದ್ದ.

ಆದರೆ ಸಭಾಂಗಣದಲ್ಲಿ ಒಂದು ಪೀಠ ಖಾಲಿ ಉಳಿಯಿತು. ವೆಂಡೆಲ್ ಬಂದ ವಾರದ ಭಾನುವಾರವೇ ಔತಣ. ಮೂವತ್ತೊಂಬತ್ತು ಹೂದಾನಿಗಳ ಮುಂದೆ ಅತಿಥಿಗಳನ್ನು ಕೂರಿಸುವುದು ಸಂಸ್ಥಾನಕ್ಕೆ ಅವಮಾನ. ಟ್ರೌಗಾಟ್ ಒಂದು ಬಿಳಿ ಕೋಟಿನ ಮೇಲೆ ನೀಲಿ ಹೂ ಬರೆಸಿ, ವೆಂಡೆಲ್‌ಗೆ ತೊಡಿಸಿ, ಪೀಠ ಹತ್ತಲು ಆಜ್ಞೆ ಮಾಡಿದ. ಪಿಂಗಾಣಿ ಕಂಡರೆ ಉಗುರಿನಿಂದ ತಟ್ಟಿ ಅದರ ನಾದ ಕೇಳುವುದು ಆ ಕಾಲದ ಗಣ್ಯರ ಅಭ್ಯಾಸ.

“ತಟ್ಟಿದ್ರೆ ಏನ್ ಮಾಡ್ಲಿ ಸ್ವಾಮಿ?”

“ಠಣ್ ಅನ್ನು.”

ಹಿರಿಯ ಕೌಂಟೆಸ್ ಒಬ್ಬರು ಬಂದು ತಟ್ಟಿದರು. ವೆಂಡೆಲ್ ಠಣ್ ಎಂದ.

“ಇದು ಬೆಚ್ಚಗಿದೆಯಲ್ರೀ,” ಎಂದರು ಆಕೆ.

“ಭಟ್ಟಿಯಿಂದ ಈಗಷ್ಟೇ ಇಳಿದದ್ದು, ತಾಯಿ,” ಎಂದ ಟ್ರೌಗಾಟ್.

ಈ ನಾದದ ಮುಂದೆ ಉಳಿದವು ಬರೀ ಮಡಕೆಗಳೆಂದು ಕೌಂಟೆಸ್ ತೀರ್ಪು ಕೊಟ್ಟರು. ಮರುದಿನವೇ ಪ್ರಭುಗಳು ವೆಂಡೆಲ್‌ನನ್ನು ಖಾಯಂ ಹೂದಾನಿಯಾಗಿ ನೇಮಿಸಿದರು. ಬೆಳಿಗ್ಗೆ ಹತ್ತಕ್ಕೆ ಪೀಠ ಹತ್ತಬೇಕು, ಸಂಜೆ ಆರಕ್ಕೆ ಮನೆಗೆ ಹೋಗಬಹುದು.

ಅಪೊಲೋನಿಯಾ ಈಗಲೂ ದಿನಾ ಅವನನ್ನು ಒರೆಸುತ್ತಾಳೆ.

“ಏನ್ರೀ, ಮೇಕೆ ಎರಡು ಮರಿ ಹಾಕ್ತು.”

“ಠಣ್.”

ಮುಂದಿನ ಸೋಮವಾರ ದೂಳು ಒರೆಸುವ ಕೆಲಸ ಕೋರಿ ಊರಿನ ಮೂವತ್ತೊಂಬತ್ತು ಹೆಂಗಸರ ಅರ್ಜಿಗಳು ಬಂದವು. ಅರ್ಹತೆ ಎಂಬಲ್ಲಿ ಎಲ್ಲರೂ ‘ಕೈ ನಡುಗುತ್ತದೆ’ ಎಂದು ಬರೆಸಿದ್ದರು. ಟ್ರೌಗಾಟ್ ಅಷ್ಟನ್ನೂ ಮಂಜೂರು ಮಾಡಿ, ದರ್ಜಿಗೆ ಹೇಳಿಕಳುಹಿಸಿದ: ಬಿಳಿ ಕೋಟು, ನೀಲಿ ಹೂ, ಮೂವತ್ತೊಂಬತ್ತು.