ಮಾವನವರ ಕತ್ತಿ, ಚರ್ಮದ ಪಟ್ಟಿ ಮತ್ತು ಕೆಳಗಿನ ಮನೆಯ ಆಂಟಿ

ದುಃಖದ ಮನೆಯಲ್ಲಿ ನಗು ಬರುವಂಥದ್ದು ನಡೆಯಕೂಡದು ಎಂದು ಯಾರೂ ಕಾನೂನು ಮಾಡಿಲ್ಲ. ಹಾಗಾಗಿ ದಿಲ್ಲಿಯ ರೋಹಿಣಿ ಬಡಾವಣೆಯ ನಮ್ಮ ಎರಡು ಕೋಣೆಯ ಫ್ಲಾಟಿನಲ್ಲಿ ಅದು ನಡೆಯುತ್ತಲೇ ಇತ್ತು.

ಅತ್ತೆ ತೀರಿಕೊಂಡ ಮೇಲೆ ಮಾವನವರು ದಾವಣಗೆರೆಯಿಂದ ನಮ್ಮ ಜೊತೆ ಇರಲು ಬಂದರು. ತಂದದ್ದು ಒಂದು ಟ್ರಂಕು, ಮಡಚುವ ಕ್ಷೌರದ ಕತ್ತಿ, ಅದನ್ನು ಉಜ್ಜಿ ಹದ ಮಾಡುವ ಚರ್ಮದ ಪಟ್ಟಿ. ಬೇರೆಯವರ ಕೈಗೆ ಮುಖ ಕೊಟ್ಟವರೇ ಅಲ್ಲ ಅವರು. ಕ್ಷೌರವಾದ ಮೇಲೆ ಅತ್ತೆ ಹಿಂಗೈಯಿಂದ ಅವರ ಕೆನ್ನೆ ಸವರಿ ನೋಡಿ, “ಹೂಂ, ಆಯ್ತು” ಅಂದರೇನೇ ಅವರಿಗೆ ತಿಂಡಿ. ಈಗ ಸವರುವವರಿರಲಿಲ್ಲ. ಆದರೂ ಕ್ಷೌರ ಮುಗಿಸಿ, ಯಾರಿಗೋ ಕಾಯುವವರಂತೆ ಒಂದು ಗಳಿಗೆ ಸುಮ್ಮನೆ ನಿಂತು, ಆಮೇಲೆ ಟವೆಲ್ ಹೆಗಲಿಗೆ ಹಾಕಿಕೊಂಡು ಬರುತ್ತಿದ್ದರು. ಅದನ್ನು ನೋಡಲು ನನ್ನಿಂದ ಆಗುತ್ತಿರಲಿಲ್ಲ. ಅಡುಗೆಮನೆಗೆ ಹೋಗಿ ಪಾತ್ರೆ ಸದ್ದು ಮಾಡುತ್ತಿದ್ದೆ.

ಏಟಿನ ಸದ್ದು

ಪಟ್ಟಿಯ ಒಂದು ತುದಿಯನ್ನು ಕಿಟಕಿಯ ಗ್ರಿಲ್ಲಿಗೆ ಸಿಕ್ಕಿಸಿ, ಇನ್ನೊಂದನ್ನು ಎಡಗೈಯಲ್ಲಿ ಬಿಗಿಯಾಗಿ ಎಳೆದು ಹಿಡಿದು, ಮಾವನವರು ಕತ್ತಿಯನ್ನು ಅತ್ತಿಂದಿತ್ತ ಆಡಿಸುವಾಗ ಚಟಾರ್ ಚಟಾರ್ ಎಂದು ಸದ್ದು ಬರುತ್ತಿತ್ತು. ದಿಲ್ಲಿಯ ತೆಳು ಗೋಡೆಗಳಲ್ಲಿ ಅದು ಮೂರು ಮಹಡಿಗೂ ಕೇಳುತ್ತಿತ್ತು.

ಒಂದು ಭಾನುವಾರ ಕೆಳಗಿನ ಮನೆಯ ಪಂಜಾಬಿ ಆಂಟಿ ಗಂಭೀರ ಮುಖ ಮಾಡಿಕೊಂಡು ಬಂದರು. ನನ್ನನ್ನು ಮೇಲಿನಿಂದ ಕೆಳಗಿನವರೆಗೂ ನೋಡಿದರು. ಪಾಪ, ಯಾರೋ ನನ್ನನ್ನು ಬೆಲ್ಟಿನಿಂದ ಹೊಡೆಯುತ್ತಿದ್ದಾರೆ ಎಂದು ಹೆದರಿ ಬಂದಿದ್ದಾರೆ ಎಂದುಕೊಂಡು ನನಗೆ ಕಣ್ಣು ತುಂಬಿ ಬಂತು. ಆಂಟಿ ನನ್ನನ್ನು ದಾಟಿ ಹೋಗಿ ನಮ್ಮವರ ಭುಜ ಹಿಡಿದು ಬಾಲ್ಕನಿಗೆ ಕರೆದುಕೊಂಡು ಹೋದರು.

“ಬೇಟಾ, ಹೆದರಬೇಡ, ನಿಜ ಹೇಳು. ನಿನ್ನ ಹೆಂಡತಿ ನಿನ್ನ ಮೇಲೆ ಕೈ ಮಾಡ್ತಾಳಾ?”

ಇಲ್ಲ ಎನ್ನಲು ಎಷ್ಟು ಹೊತ್ತು ಬೇಕು? ನಮ್ಮವರು ತಲೆ ಕೆರೆದುಕೊಂಡು, ಆಕಾಶ ನೋಡಿ, “ಇನ್ನೂ ಇಲ್ಲ, ಆಂಟಿ” ಎಂದರು.

ನೀರಿನಲ್ಲಿ ಹೋದದ್ದು

ಪಟ್ಟಿ ಎಣ್ಣೆ ಕುಡಿದು ಕಪ್ಪಗಾಗಿತ್ತು. ಹೊಸದಾಗಿ ಬಂದ ಕೆಲಸದವಳಿಗೆ ಅದನ್ನು ಸಹಿಸಲಾಗಲಿಲ್ಲ. ಸೋಪಿನ ಪುಡಿ ಹಾಕಿದ ಬಕೆಟ್ಟಿನಲ್ಲಿ ನೆನೆಸಿ, ಬ್ರಷ್ಷಿನಲ್ಲಿ ತಿಕ್ಕಿ, ಮೇ ತಿಂಗಳ ಬಿಸಿಲಿಗೆ ತಾರಸಿಯಲ್ಲಿ ಹರವಿದಳು. ಸಂಜೆಗೆ ಅದು ಕರಿದ ಹಪ್ಪಳದ ಹಾಗೆ ಸುರುಳಿಯಾಗಿತ್ತು.

ಮಾವನವರು ಅವಳನ್ನು ಬೈಯಲಿಲ್ಲ. ಪಟ್ಟಿಗೆ ಕೊಬ್ಬರಿ ಎಣ್ಣೆ ಸವರಿ, ಹಾಸಿಗೆಯ ಕೆಳಗಿಟ್ಟು, ತಾವೇ ಅದರ ಮೇಲೆ ಮಲಗಿದರು. “ನೇರವಾಗೋ ತನಕ ಗಡ್ಡ ತೆಗೆಯಲ್ಲ. ಪಟ್ಟಿ ಕಾಣದ ಕತ್ತಿ ಕೂದಲನ್ನು ಕತ್ತರಿಸಲ್ಲ, ಕೀಳುತ್ತೆ” ಎಂದರು.

ಆ ವಾರ ನಮ್ಮವರ ಕಚೇರಿಯ ಕನ್ನಡದವರೊಬ್ಬರು ಹೆಂಡತಿಯೊಡನೆ ಬಂದರು. ಸದಾ ನುಣ್ಣಗಿರುತ್ತಿದ್ದ ಮುದುಕರ ಮುಖದ ತುಂಬ ಬಿಳಿ ಗಡ್ಡ! ಇಬ್ಬರೂ ಚಪ್ಪಲಿ ಬಿಟ್ಟು, ಗೋಡೆಗೆ ಒರಗಿ, ನೆಲ ನೋಡುತ್ತ ಕೂತರು. ಕಾಫಿ ತಂದರೆ, “ಈಗೆಲ್ಲಿ ಕಾಫಿ, ಬೇಡಮ್ಮ” ಎಂದರು. ಸೂತಕದ ಮನೆ ಎಂದುಕೊಂಡಿದ್ದಾರೆ ಎಂದು ನನಗೆ ಹೊಳೆಯಲೇ ಇಲ್ಲ.

“ಯಾವಾಗ ಆಯ್ತು?” ಎಂದರು ಆತ, ಮೆಲ್ಲಗೆ.

“ಮಂಗಳವಾರ” ಎಂದರು ಮಾವನವರು.

“ಹೇಗಾಯ್ತು?”

“ನೀರಲ್ಲಿ ಮುಳುಗಿ. ಬಕೆಟ್ಟಲ್ಲಿ.”

“ಅಯ್ಯೋ, ಮಗೂನಾ?” ಎಂದು ಆಕೆ ಸೆರಗು ಬಾಯಿಗೆ ಹಿಡಿದು ಅಳಲು ಶುರುಮಾಡಿದರು.

“ಮಗು ಎಲ್ಲಿ ಬಂತು? ನನ್ನ ಮದುವೆಯಲ್ಲಿ ಮಾವನ ಮನೇವ್ರು ಕೊಟ್ಟಿದ್ದು.” ಮಾವನವರು ಹಾಸಿಗೆ ಎತ್ತಿ ಪಟ್ಟಿ ತೋರಿಸಿದರು. ಆಮೇಲೆ ಮುಖ ಗೋಡೆಗೆ ತಿರುಗಿಸಿ, “ಕೊಟ್ಟವರೂ ಇಲ್ಲ, ಜೊತೆಗೆ ಬಂದವಳೂ ಇಲ್ಲ” ಎಂದರು.

ಆಕೆ ಸೆರಗಿನಿಂದ ಕಣ್ಣೊರೆಸಿಕೊಂಡರು. ಆ ಪುಣ್ಯಾತ್ಮ ನನ್ನ ಕಡೆ ತಿರುಗಿ, “ಹಾಗಾದ್ರೆ ಕಾಫಿ ಕುಡೀಬಹುದಲ್ಲ?” ಎಂದರು.

ಬೆನ್ನು ಮುಂದೆ, ಬಾಯಿ ಹಿಂದೆ

ಚಳಿಗಾಲ ಬಂತು, ಮಾವನವರ ಕೈ ನಡುಗತೊಡಗಿತು. ಒಂದು ಬೆಳಗ್ಗೆ ಟವೆಲಿನ ತುಂಬ ರಕ್ತ. ರಕ್ತ ಕಂಡರೆ ತಲೆ ಸುತ್ತುವ ನಮ್ಮವರು ಅಲ್ಲೇ ಕುಸಿದು ಕೂತರು. ಎದ್ದ ಮೇಲೆ ಮೊದಲು ಮಾಡಿದ ಕೆಲಸ, ಕತ್ತಿಯನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದ್ದು. ಬ್ಯಾಟರಿಯ ಶೇವರ್ ತಂದುಕೊಟ್ಟರು. ಮಾವನವರು ಅದನ್ನು ಒಮ್ಮೆ ಗುರ್ರ್ ಎನ್ನಿಸಿ, “ಇದನ್ನು ಚಟ್ನಿಗೆ ಇಟ್ಕೋ” ಎಂದು ನನ್ನ ಕೈಗೆ ಕೊಟ್ಟರು.

ಆಮೇಲೆ ಊಟ ಕಡಿಮೆಯಾಯಿತು, ಹಾಸಿಗೆ ಹಿಡಿದರು. ಗಡ್ಡ ಬೆಳೆಯುತ್ತ ಹೋಯಿತು. ಕನ್ನಡಿಗೆ ಟವೆಲ್ ಮುಚ್ಚಿಸಿದರು. ಅವರು ಹೀಗೇ ಮುಖ ಮುಚ್ಚಿಕೊಂಡು ಹೋಗಿಬಿಡುತ್ತಾರೆ ಎಂದು ನನಗೆ ಭಯವಾಯಿತು. ಸೊಸೆ ಮಾವನ ಮುಖ ಮುಟ್ಟುವುದು ನಮ್ಮಲ್ಲಿ ಸಣ್ಣ ಮಾತಲ್ಲ. ಆದರೂ, “ನಾನು ಮಾಡ್ತೀನಿ ಮಾವ” ಎಂದೆ. ಮೂರನೆಯ ದಿನ, “ಮೊದಲು ಪಟ್ಟಿಗೆ ಉಜ್ಜೋದು ಕಲಿ” ಎಂದರು. ನಮ್ಮವರಿಂದ ಬೀರುವಿನ ಕೀಲಿ ಪಡೆದು ಕತ್ತಿ ತೆಗೆದೆ.

ಕಣ್ಣು ಮುಚ್ಚಿ ಮಲಗಿ, ಬರೀ ಸದ್ದು ಕೇಳಿ ತಪ್ಪು ಹಿಡಿಯುತ್ತಿದ್ದರು. “ಪಟ್ಟಿ ಜೋತುಬಿದ್ದಿದೆ, ಎಳೆದು ಹಿಡಿ.” “ಒತ್ತಬೇಡಮ್ಮ, ದೋಸೆ ಹಂಚಲ್ಲ ಅದು.” “ಕತ್ತಿ ಬೆನ್ನು ಮುಂದೆ ಹೋಗ್ಲಿ, ಬಾಯಿ ಹಿಂದೆ ಬರ್ಲಿ. ತಿರುಗಿಸೋವಾಗ ಬೆನ್ನ ಮೇಲೇ ತಿರುಗಿಸು.” ಕಚೇರಿಗೆ ಹೋಗುವ ಮುಂಚೆ, ತುಟಿ ಕಚ್ಚಿಕೊಂಡು, ಹುಬ್ಬು ಗಂಟಿಕ್ಕಿಕೊಂಡು ದಿನಾ ಕಲಿತೆ. ಕೊನೆಗೊಂದು ದಿನ ಸದ್ದು ಹದಕ್ಕೆ ಬಂತು.

ಆ ಅವಧಿಯಲ್ಲಿ ನಮ್ಮವರು ಹೇಳಿಸಿಕೊಳ್ಳದೆ ಹಾಲು ತಂದರು, ಹಾಸಿಗೆ ಮಡಚಿದರು, ನನ್ನ ಟಿಫಿನ್ ಡಬ್ಬಿಯನ್ನೂ ತೊಳೆದಿಟ್ಟರು.

ಒಂದು ಕೆನ್ನೆ ಬಾಕಿ

ಮೊದಲ ಕ್ಷೌರದ ದಿನ ಹೊರಗೆ ದಟ್ಟ ಮಂಜು. ಮಾವನವರು ದಿಂಬಿಗೆ ಒರಗಿ, ಕಣ್ಣು ಮುಚ್ಚಿ, ಕತ್ತು ಮೇಲೆತ್ತಿ ಕೊಟ್ಟರು. ಮುಖಕ್ಕೆಲ್ಲ ನೊರೆ. ಒಂದು ಕೆನ್ನೆ ಮುಗಿದಿತ್ತು. ಎಡಗೈಯಿಂದ ಚರ್ಮ ಬಿಗಿ ಮಾಡಿ ಕತ್ತಿಯನ್ನು ಗಂಟಲಿಗೆ ಇಟ್ಟಿದ್ದೆ. ನಮ್ಮವರು ಬಾಗಿಲು ತೆರೆದಿಟ್ಟು ಹಾಲು ತರಲು ಹೋಗಿದ್ದರು.

ಆಗ ಆಂಟಿ ಗಾಜರ್ ಹಲ್ವಾ ಹಿಡಿದು ಒಳಗೆ ಬಂದರು. ನೋಡಿದರು. ಬಟ್ಟಲು ಠಣ್ ಎಂದು ಬಿತ್ತು.

“ಹಾಯ್ ರಬ್ಬಾ! ಮುದುಕರನ್ನು ಕೊಲ್ತಿದ್ದಾಳೆ! ಪೊಲೀಸ್!”

ನಾನು ಕತ್ತಿಯನ್ನು ಇಟ್ಟಲ್ಲೇ ಹಿಡಿದು ನಿಂತೆ. ಮಾವನವರು ಕಣ್ಣು ಸಹ ತೆರೆಯದೆ, ತಮ್ಮ ಹರುಕು ಹಿಂದಿಯಲ್ಲಿ, “ಬೆಹನ್‌ಜಿ, ಇನ್ನೊಂದು ಕೆನ್ನೆ ಬಾಕಿ ಇದೆ. ಅದು ಮುಗೀಲಿ, ಆಮೇಲೆ ಕರೀರಿ” ಎಂದರು.

ಆಂಟಿ ಎದೆ ಹಿಡಿದು ಕುರ್ಚಿಯಲ್ಲಿ ಕೂತರು. ನಾನು ಉಳಿದದ್ದನ್ನು ಮುಗಿಸಿ, ಬಿಸಿನೀರಿನ ಟವೆಲಿನಿಂದ ಮುಖ ಒರೆಸಿದೆ. ಒಂದು ಗೀರೂ ಇಲ್ಲ. ಮಾವನವರು ಎಂದಿನಂತೆ ಒಂದು ಗಳಿಗೆ ಸುಮ್ಮನಾದರು, ಯಾರಿಗೋ ಕಾಯುವವರಂತೆ. ಸೊಸೆಯಾದ ನಾನು ಅಷ್ಟಕ್ಕೆ ಕೈ ಚಾಚಲಾರದೆ ಕತ್ತಿ ಒರೆಸುತ್ತ ನಿಂತೆ.

ಆಂಟಿಗೆ ಕಿರುಚಿದ್ದಕ್ಕೆ ನಾಚಿಕೆಯಾಗಿತ್ತೋ ಏನೋ. ಎದ್ದು ಬಂದು, ಹಿಂಗೈಯಿಂದ ಮಾವನವರ ಕೆನ್ನೆಯನ್ನು ಒಮ್ಮೆ ಸವರಿ, “ವಾಹ್ ಭಾಯಿ ಸಾಹಬ್, ಬಿಲ್ಕುಲ್ ಮಲಾಯಿ!” ಎಂದು ನಕ್ಕು, ಚೆಲ್ಲಿದ ಹಲ್ವಾ ಬಾಚತೊಡಗಿದರು.

ಮಾವನವರು ಕಣ್ಣು ತೆರೆದರು. ನೀರು ತುಂಬಿ, ನುಣ್ಣಗಿನ ಕೆನ್ನೆಯ ಮೇಲೆ ಎಲ್ಲೂ ತಡೆಯದೆ ಇಳಿಯಿತು. ನನಗೂ ಅಳು ಬಂತು. ಆ ಚಳಿಗಾಲ ಮುಗಿಯುವ ಮುಂಚೆ ಅವರು ಹೋದರು, ನುಣ್ಣನೆಯ ಮುಖದಲ್ಲೇ. ಆದರೆ ಆ ದಿನ ಅವರು ಆಂಟಿಗೆ ಅರ್ಥವಾಗದಂತೆ ಕನ್ನಡದಲ್ಲಿ, ತುಂಬ ಗಂಭೀರವಾಗಿ ನನಗೆ ಹೇಳಿದರು:

“ನಾಳೆ ಎಷ್ಟು ಹೊತ್ತಿಗೆ ಬರ್ತಾರೆ ಕೇಳಮ್ಮ. ಹಲ್ವಾ ತರದಿದ್ರೂ ಪರವಾಗಿಲ್ಲ.”